ಕಾಲೇಜ್ ಅಕ್ಕೋರು

ಅವರ ಬೀಳ್ಕೊಡುಗೆ ಸಮಾರಂಭದಲ್ಲಿ ನಾನು ಏಳು ನಿಮಿಷ ಮಾತಾಡಿದೆ. ಏಳು ನಿಮಿಷವೂ ಸುಳ್ಳು ಹೇಳಿದೆ. ಅವರು ಸೌಮ್ಯ ಸ್ವಭಾವದವರು ಎಂದೆ. ಸಹೋದ್ಯೋಗಿಗಳೊಡನೆ ಹೊಂದಿಕೊಂಡು ಹೋಗುವವರು ಎಂದೆ. ಎಂದೂ ದನಿ ಏರಿಸಿ ಮಾತಾಡಿದವರಲ್ಲ ಎಂದಾಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ಆರನೆಯ ತರಗತಿಯ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಾಲು ಹೊದ್ದು, ಚೆಂಡುಹೂವಿನ ಹಾರದಲ್ಲಿ ಗದ್ದದವರೆಗೆ ಮುಳುಗಿ ಕುಳಿತಿದ್ದ ಅವರು ಮಾತ್ರ ಪ್ರತಿ ವಾಕ್ಯಕ್ಕೂ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ತಮ್ಮನ್ನು ಹೊಗಳುವ ಮಾತಿನ ಮೇಲೆ ಅವರಿಗೆ ಎಂದೂ ಅನುಮಾನ ಬಂದದ್ದಿಲ್ಲ.

ಸಮಾರಂಭ ಮುಗಿದು ಶಾಮಿಯಾನ ಬಿಚ್ಚಿ ವರ್ಷವಾಗುತ್ತ ಬಂತು. ಈಗ ನಿಜ ಹೇಳಬಹುದು.

ಕುಷ್ಟಗಿ ತಾಲ್ಲೂಕಿನ ಒಂದು ಊರಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ಏಳನೆಯ ತರಗತಿಯವರೆಗೆ ಇದೆ. ನಾನು ಅಲ್ಲಿ ಗಣಿತದ ಮಾಸ್ತರ. ಮುಖ್ಯೋಪಾಧ್ಯಾಯರ ಹುದ್ದೆ ಖಾಲಿ ಇರುವುದರಿಂದ ಪ್ರಭಾರಿ ಕೂಡ. ಅವರು ಸಮಾಜ ವಿಜ್ಞಾನ ಕಲಿಸುತ್ತಿದ್ದರು. ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಇವರನ್ನು ಊರವರು ಕಾಲೇಜ್ ಅಕ್ಕೋರು ಎನ್ನುತ್ತಿದ್ದರು. ಅದು ಗೌರವದಿಂದ ಇಟ್ಟ ಹೆಸರಲ್ಲ. ಇಟ್ಟವನು ನಾನು.

ಎದುರಿಗೆ ಸಿಕ್ಕ ಮಗುವನ್ನು ನಾವು ನೀವು ಏನು ಕೇಳುತ್ತೇವೆ? ಯಾರ ಮಗ, ಊಟ ಆಯಿತೇ ಎಂದು ಕೇಳುತ್ತೇವೆ. ಅಕ್ಕೋರು ಕೇಳುತ್ತಿದ್ದದ್ದು ಒಂದೇ: "ಯಾವ ಕಾಲೇಜು?" ಕೇಳಿಸಿಕೊಂಡ ಮಗುವಿಗೆ ಹನ್ನೊಂದು ವರ್ಷ. ಮೂಗು ಒರೆಸಿಕೊಳ್ಳುತ್ತ ನಿಂತಿರುತ್ತದೆ. ಅದಕ್ಕೆ ಹೈಸ್ಕೂಲು ಎಲ್ಲಿದೆಯೆಂದೇ ಗೊತ್ತಿರುವುದಿಲ್ಲ.

"ಅಕ್ಕೋರ, ಕಾಲೇಜ್ ಅಂದ್ರ ಏನ್ರಿ?" ಎಂದು ಒಬ್ಬ ಹುಡುಗ ಒಮ್ಮೆ ಕೇಳಿದ.

"ಈ ಸಾಲ್ಯಾಗ ಮಾಸ್ತರು ನಿನಗ ಬಾ ಅಂತಾರಲ್ಲ, ಅಲ್ಲಿ ಬರ್ರಿ ಅಂತಾರ. ಅದು ಕಾಲೇಜು," ಎಂದರು.

ಉನ್ನತ ಶಿಕ್ಷಣದ ಬಗ್ಗೆ ಅವರ ಜ್ಞಾನ ಹೆಚ್ಚುಕಡಿಮೆ ಇಷ್ಟೇ ಎಂದು ನಾವು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದೆವು. ನಗುವುದಕ್ಕೆ ಕಾರಣಗಳನ್ನು ಅವರೇ ಧಾರಾಳವಾಗಿ ಒದಗಿಸುತ್ತಿದ್ದರು. ಆರನೆಯ ತರಗತಿಯ ಗೋಡೆಗೆ ಪತ್ರಿಕೆಗಳಿಂದ ಕತ್ತರಿಸಿದ ಕಾಲೇಜು ಜಾಹೀರಾತುಗಳನ್ನು ಅಂಟಿಸಿದ್ದರು. ಕರ್ನಾಟಕದ ನಕ್ಷೆಯ ಮೇಲರ್ಧ ಅದರಡಿ ಮುಚ್ಚಿಹೋಗಿತ್ತು. ಹೀಗಾಗಿ ನಮ್ಮ ಮಕ್ಕಳಿಗೆ ಬೀದರ್ ಎಲ್ಲಿದೆಯೆಂದು ಎರಡು ವರ್ಷ ಗೊತ್ತಾಗಲಿಲ್ಲ. ಆ ಚಿತ್ರಗಳ ನಡುವೆ ನಗುವ ಒಬ್ಬ ಹುಡುಗಿಯಿದ್ದಳು. "ನೋಡ್ರಿ ಮಾರಿ ಮ್ಯಾಲೆ ಕಳಿ ಹೆಂಗೈತಿ, ಪದವಿ ಮುಗಿಸ್ಯಾಳ," ಎಂದು ಅಕ್ಕೋರು ಅವಳನ್ನು ತೋರಿಸುತ್ತಿದ್ದರು. ಅದು ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು. ಕೆಳಗೆ ಬಾಟಲಿಯ ತುದಿ ಕಾಣುತ್ತಿತ್ತು. ನಾವು ಯಾರೂ ಹೇಳಲಿಲ್ಲ.

"ಅಲ್ರಿ ಅಕ್ಕೋರ, ಇವಕ್ಕ ಭಾಗಾಕಾರ ಬರಂಗಿಲ್ಲ. ಕಾಲೇಜ್ ಯಾಕ ಈಗಿಂದ?" ಎಂದು ನಾನೇ ಒಂದು ದಿನ ಕೇಳಿದೆ.

"ಭಾಗಾಕಾರ ಕಲಸೋದು ಯಾರ ಕೆಲಸರಿ ಸರ್?" ಎಂದರು. ನಾನು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದೆ. ಅದನ್ನು ಜೇಬಿಗೆ ಹಾಕಿಕೊಂಡೆ.

ಅವರ ಹಾಜರಿ ಕರೆಯುವ ಪದ್ಧತಿ ಇಡೀ ತಾಲ್ಲೂಕಿಗೆ ಗೊತ್ತಿತ್ತು. ಹೆಸರು ಕರೆದಾಗ ಮಗು "ಹಾಜರ್ ರಿ" ಎನ್ನುವಂತಿಲ್ಲ. ಮುಂದೆ ಓದಬೇಕಾದದ್ದನ್ನು ಹೇಳಬೇಕು. "ನರ್ಸಿಂಗ್ ರಿ." "ಕೃಷಿ ರಿ." "ಬಿ.ಕಾಂ. ರಿ." ಏನೂ ತೋಚದವರಿಗೆ ಅಕ್ಕೋರೇ ಒಂದು ಪದವಿ ಹಂಚುತ್ತಿದ್ದರು, ಮಧ್ಯಾಹ್ನದ ಬಿಸಿಯೂಟದಲ್ಲಿ ಸಾರು ಹಂಚಿದ ಹಾಗೆ. ಪಕ್ಕದ ಕೋಣೆಯಲ್ಲಿ ಲೆಕ್ಕ ಹೇಳುತ್ತಿದ್ದ ನನಗೆ ಅವರ ದನಿ ಗೋಡೆ ದಾಟಿ ಕೇಳುತ್ತಿತ್ತು: "ಸಿವಿಲ್ ಎಂಜಿನಿಯರ್ ಎಲ್ಲಿ ಹೋಗ್ಯಾನ?" "ಅವಗ ಹೊಟ್ಟಿ ಬ್ಯಾನಿ ಐತ್ರಿ." "ವಕೀಲಿ?" "ಎಮ್ಮಿ ಕಾಯಾಕ ಹೋಗ್ಯಾಳ್ರಿ."

ಒಮ್ಮೆ ಇಲಾಖೆಯ ಸಾಹೇಬರೊಬ್ಬರು ಭೇಟಿಗೆ ಬಂದು ಇದನ್ನು ಕೇಳಿಸಿಕೊಂಡರು. ಅವರ ಮುಖ ಕೆಂಪಾಯಿತು.

"ಇದು ಯಾವ ಸುತ್ತೋಲೆ ಪ್ರಕಾರ ಮಾಡಾಕತ್ತೀರಿ?"

"ಸುತ್ತೋಲೆ ಬಂದಿಲ್ರಿ ಸಾಹೇಬ್ರ. ಬರೂದ್ರಾಗ ಈ ಹುಡುಗೂರ ಮದವಿ ಆಗಿರ್ತಾವು."

ಸಾಹೇಬರು ಭೇಟಿ ಪುಸ್ತಕದಲ್ಲಿ "ಹಾಜರಿ ಕ್ರಮವನ್ನು ಸರಿಪಡಿಸಿಕೊಳ್ಳತಕ್ಕದ್ದು" ಎಂದು ಬರೆದು ಹೋದರು. ಎರಡು ವರ್ಷದ ನಂತರ ನಿಜಕ್ಕೂ ಸುತ್ತೋಲೆ ಬಂತು. ಹಿರಿಯ ಪ್ರಾಥಮಿಕ ಹಂತದಲ್ಲೇ ಮಕ್ಕಳಿಗೆ ಉನ್ನತ ಶಿಕ್ಷಣದ ಅರಿವು ಮೂಡಿಸಬೇಕು, ಮೂಡಿಸಿದ ಫೋಟೊಗಳನ್ನು ಸಂಜೆಯೊಳಗೆ ಕಳಿಸಬೇಕು ಎಂದಿತ್ತು. ಎಲ್ಲ ಶಾಲೆಗಳೂ ಮಕ್ಕಳಿಗೆ ಬಿಳಿ ಕೋಟು ತೊಡಿಸಿ, ಕೊರಳಿಗೆ ಸ್ಟೆತೊಸ್ಕೋಪು ಹಾಕಿ ಫೋಟೊ ಕಳಿಸಿದವು. ಅಕ್ಕೋರು ಏನೂ ಕಳಿಸಲಿಲ್ಲ. ನಮ್ಮ ಶಾಲೆ ಈ ವಿಷಯದಲ್ಲಿ ಹಿಂದುಳಿದಿದೆಯೆಂದು ನನಗೆ ನೋಟೀಸು ಬಂತು.

ಇಷ್ಟು ಹೇಳಿದ ಮೇಲೆ ಅವರ ಕೈಯಲ್ಲಿ ಕಲಿತ ಮಕ್ಕಳೆಲ್ಲ ಕಾಲೇಜು ಸೇರಿದರು ಎಂದು ನೀವು ಭಾವಿಸಿದರೆ ಅದು ನನ್ನ ಬೀಳ್ಕೊಡುಗೆ ಭಾಷಣದ ಎಂಟನೆಯ ನಿಮಿಷವಾಗುತ್ತದೆ. ಬಹಳ ಜನ ಸೇರಲಿಲ್ಲ. ಸೇರದವರು ಏನು ಮಾಡುತ್ತಿದ್ದರು ಎಂಬುದು ನನಗೆ ಕುಷ್ಟಗಿಯಲ್ಲಿ ಗೊತ್ತಾಯಿತು. ಒಂದು ತರಬೇತಿಗೆಂದು ನಾವಿಬ್ಬರೂ ಹೋಗಿದ್ದೆವು. ಬಸ್ ನಿಲ್ದಾಣದ ಹೊರಗೆ ಆಟೊ ಹತ್ತಿದೆವು. ಚಾಲಕ ಟವೆಲನ್ನು ಮೂಗಿನವರೆಗೆ ಸುತ್ತಿಕೊಂಡಿದ್ದ. ಅರ್ಧ ದಾರಿಗೆ ಅಕ್ಕೋರು ಮುಂದೆ ಬಾಗಿ ಕನ್ನಡಿಯಲ್ಲಿ ಅವನ ಕಣ್ಣು ನೋಡಿದರು.

"ಯಮನೂರ ಅಲ್ಲೇನಪ?"

ಹಿಂದೆ ಹಾಜರಿಯಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದವನೇ ಅವನು. ಟವೆಲು ಬಿಚ್ಚಲಿಲ್ಲ.

"ಹೌದ್ರಿ ಅಕ್ಕೋರ."

"ಡಿಪ್ಲೊಮಾಕ್ಕ ಇನ್ನೂ ತಡ ಆಗಿಲ್ಲ. ಈ ವರ್ಷ ಅರ್ಜಿ ಹಾಕು."

ಅವನು ಆಟೊವನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿದ. ಹಿಂದಕ್ಕೆ ತಿರುಗದೆ, ಹ್ಯಾಂಡಲ್ ಹಿಡಿದುಕೊಂಡೇ ಹೇಳಿದ.

"ಅಕ್ಕೋರ, ಬ್ಯಾರೆ ಮಾಸ್ತರು ಸಿಕ್ಕರ ನಿಂತು ಮಾತಾಡಿ ಚಹಾ ಕುಡಸ್ತೀನಿ. ನೀವು ಬರೋದು ಕಂಡ್ರ ಓಣಿ ಬದಲಸ್ತೀನಿ. ನಾ ಒಬ್ಬನ ಅಲ್ಲ, ನಮ್ಮ ಕ್ಲಾಸಿನ ಆರೇಳು ಮಂದಿ ಹಿಂಗ ಮಾಡ್ತೀವಿ. ನಾವೇನು ಕಳ್ಳತನ ಮಾಡಿಲ್ರಿ. ಆದ್ರೂ ನಿಮ್ಮ ಕಂಡ್ರ ಮಾಡೀವೇನೋ ಅನಸ್ತೈತಿ."

ಯಾರಾದರೂ ಇದನ್ನು ಅವರಿಗೆ ಹೇಳಲಿ ಎಂದು ನಾನು ಎಷ್ಟೋ ವರ್ಷ ಕಾದಿದ್ದೆ. ಹೇಳಿದಾಗ ನನಗೆ ಖುಷಿಯಾಗಬೇಕಿತ್ತು. ಅಕ್ಕೋರು ಚೀಲವನ್ನು ತೊಡೆಯ ಮೇಲೆ ಸರಿಪಡಿಸಿಕೊಂಡು ಹೊರಗೆ ನೋಡುತ್ತ ಕುಳಿತರು. ತರಬೇತಿಯಲ್ಲಿ ಅಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತರಬೇತುದಾರರು ನನ್ನನ್ನು ಪಕ್ಕಕ್ಕೆ ಕರೆದು, ಮೇಡಂಗೆ ಹುಷಾರಿಲ್ಲವೇ ಎಂದು ವಿಚಾರಿಸಿದರು.

ಮರುದಿನ ಅವರು ಬರಿಯ ಹೆಸರು ಕರೆದು ಹಾಜರಿ ಹಾಕಿದರು. ಮೂರು ದಿನ ಹಾಗೆಯೇ ನಡೆಯಿತು. ರೋಗ ಬಿಟ್ಟಿತು ಎಂದು ನಾವು ಮಾತಾಡಿಕೊಂಡೆವು. ನಾಲ್ಕನೆಯ ದಿನ ಗೋಡೆಯಾಚೆಯಿಂದ ಮತ್ತೆ "ನರ್ಸಿಂಗ್ ರಿ" ಕೇಳಿಸಿತು. ಆದರೆ ಹಾಜರಿ ಮುಗಿದ ಮೇಲೆ ಒಂದು ಹೊಸ ಮಾತು ಸೇರಿತ್ತು: "ಆಗಲಿಲ್ಲಂದ್ರ ಮಾರಿ ತಪ್ಪಿಸ್ಕೊಂಡು ಅಡ್ಡಾಡಬ್ಯಾಡ್ರಿ. ಬಂದು ಹೇಳ್ರಿ. ಒಂದ ಸಲ ಬೈತೀನಿ, ಆಮ್ಯಾಲೆ ಬಿಟ್ಟಬಿಡ್ತೀನಿ." ಅವರ ಮಟ್ಟಿಗೆ ಇದು ಕ್ಷಮೆ ಕೇಳಿದಂತೆ.

ಏಳನೆಯ ತರಗತಿಯ ಪ್ರವಾಸದ ವಿಷಯಕ್ಕೂ ಒಂದು ವರ್ಷ ಜಗಳವಾಯಿತು. ನಾವೆಲ್ಲ ಹೇಮಗುಡ್ಡ ಎಂದೆವು. ಬೆಟ್ಟ, ಕೋಟೆ, ದುರ್ಗಾದೇವಿಯ ಗುಡಿ ಇವೆ. ಮಕ್ಕಳಿಗೆ ಚಿತ್ರಾನ್ನ ತಿನ್ನಲು ನೆರಳೂ ಇದೆ. ಅಕ್ಕೋರು ಕೊಪ್ಪಳದ ಪದವಿ ಕಾಲೇಜು ಎಂದರು. ಮಕ್ಕಳು ಅತ್ತರು. ಕೊನೆಗೆ ಹಟ ಹಿಡಿದು ಬಸ್ಸನ್ನು ಮೊದಲು ಕೊಪ್ಪಳಕ್ಕೆ ಹೊಡೆಸಿದರು.

ಕಾಲೇಜಿನ ಗೇಟಿನಲ್ಲಿ ಕಾವಲುಗಾರ ತಡೆದ. "ಅಡ್ಮಿಷನ್ ಈಗಿಲ್ಲರಿ ಅಕ್ಕಾರ."

"ನಮಗ ಈಗ ಬ್ಯಾಡ. ಆರು ವರ್ಷ ಬಿಟ್ಟು ಬರ್ತಾರ. ಈಗ ನೋಡಿ ಹೋಗ್ತಾರ."

ಅವನು ಮಕ್ಕಳನ್ನು ನೋಡಿದ, ಅವರನ್ನು ನೋಡಿದ, ಗೇಟು ತೆಗೆದ. ವಾದ ಮಾಡುವುದಕ್ಕಿಂತ ಅದು ಸುಲಭ ಎಂದು ಅವನಿಗೆ ಬೇಗನೆ ತಿಳಿಯಿತು. ನನಗೆ ತಿಳಿಯಲು ಹತ್ತು ವರ್ಷ ಹಿಡಿದಿತ್ತು. ಒಳಗೆ ನೋಡುವಂಥದ್ದೇನೂ ಇರಲಿಲ್ಲ. ಗ್ರಂಥಾಲಯಕ್ಕೆ ಬೀಗ ಹಾಕಿತ್ತು. ಒಂದು ಕೋಣೆಯಲ್ಲಿ ನಾಲ್ಕು ಜನ ವಿದ್ಯಾರ್ಥಿಗಳಿದ್ದರು, ಅವರಲ್ಲಿ ಇಬ್ಬರು ಮಲಗಿದ್ದರು. ಅಕ್ಕೋರು ಮಾತ್ರ ಪ್ರತಿ ಬಾಗಿಲ ಮುಂದೆಯೂ ನಿಂತು ಮೆಲುದನಿಯಲ್ಲಿ ವಿವರಿಸುತ್ತಿದ್ದರು. ಅವರಿಗೆ ಮೆಲುದನಿ ಇದೆಯೆಂದು ನಮಗೆ ಅಂದೇ ತಿಳಿದದ್ದು. ಕೊನೆಗೆ, ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದರು. ಹುಲಿಗೆಮ್ಮ ಎಂಬ ಹುಡುಗಿ ಕೈ ಎತ್ತಿದಳು. ತೆಳ್ಳಗಿನ, ಮಾತು ಕಡಿಮೆಯ ಹುಡುಗಿ.

"ಪಾಯಖಾನಿಗೆ ಚಿಲಕ ಐತೇನ್ರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮ ಶಾಲೆಯ ಹುಡುಗಿಯರ ಶೌಚಾಲಯಕ್ಕೆ ಚಿಲಕ ಇರಲಿಲ್ಲ, ಪ್ರಭಾರಿ ನಾನೇ. ಅಕ್ಕೋರು ನಗಲಿಲ್ಲ. ಅವಳನ್ನು ಕರೆದುಕೊಂಡು ಹೋಗಿ ನೋಡಿ ಬಂದರು. "ಐತಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಹುಲಿಗೆಮ್ಮ ಅಂದಿನಿಂದ ಹಾಜರಿಗೆ "ಬಿ.ಎ. ರಿ" ಎನ್ನತೊಡಗಿದಳು.

ಅವಳು ಏಳನೆಯದು ಪಾಸಾದಳು. ಜುಲೈ ಬಂದರೂ ಅವಳ ವರ್ಗಾವಣೆ ಪತ್ರವನ್ನು ಒಯ್ಯಲು ಮನೆಯಿಂದ ಯಾರೂ ಬರಲಿಲ್ಲ. ಹಾಗಾದರೆ ಅರ್ಥ ಒಂದೇ. ಹೈಸ್ಕೂಲು ಇರುವುದು ಆರು ಕಿಲೋಮೀಟರ್ ಆಚೆ. ಪತ್ರವಿಲ್ಲದೆ ಅಲ್ಲಿ ಹೆಸರು ಹಚ್ಚುವುದಿಲ್ಲ. ಹುಡುಗಿ ಹತ್ತಿ ಹೊಲಕ್ಕೆ ಹೋಗಿದ್ದಾಳೆ. ನಮ್ಮ ಭಾಗದಲ್ಲಿ ಬೀಜದ ಹತ್ತಿ ಬೆಳೆಯುತ್ತಾರೆ. ಒಂದು ಗಿಡದ ಹೂವಿನ ಪರಾಗವನ್ನು ಇನ್ನೊಂದು ಹೂವಿಗೆ ಕೈಯಿಂದ ಮುಟ್ಟಿಸಬೇಕು. ಕ್ರಾಸಿಂಗ್ ಎನ್ನುತ್ತಾರೆ. ಸಣ್ಣ ಬೆರಳಿನ ಹುಡುಗಿಯರಿಗೆ ಅದು ಚೆನ್ನಾಗಿ ಬರುತ್ತದೆಂದು ಹೊಲದವರು ಹೇಳುತ್ತಾರೆ. ಹುಡುಗಿಯರನ್ನು ಯಾರೂ ಕೇಳಿದ್ದಿಲ್ಲ.

"ಪತ್ರ ನನ್ನ ಕೈಯಾಗ ಕೊಡ್ರಿ, ನಾ ಹೋಗಿ ಹೆಸರು ಹಚ್ಚಿ ಬರ್ತೀನಿ," ಎಂದು ಅಕ್ಕೋರು ನನ್ನ ಮೇಜಿನ ಮುಂದೆ ನಿಂತರು.

"ನಿಯಮ ಇಲ್ಲರಿ. ಪಾಲಕರ ಸಹಿ ಬೇಕು."

"ನಿಯಮ ಓದಿದ್ರಲ್ಲ, ಅದ ಭಾಳ ಆತು." ಎನ್ನುತ್ತ ಅವರು ಮೇಜಿನ ಮೇಲಿದ್ದ ವರ್ಗಾವಣೆ ಪತ್ರಗಳ ಪುಸ್ತಕವನ್ನು ಎತ್ತಿಕೊಂಡು, ತಮ್ಮ ಕುರ್ಚಿಯ ಮೇಲಿಟ್ಟು, ಅದರ ಮೇಲೆ ಕುಳಿತುಬಿಟ್ಟರು. ಅವರದು ಭಾರಿ ಶರೀರ. ಬೇರೆ ಮಕ್ಕಳ ಪಾಲಕರು ಬಂದು ಹೊರಗೆ ಸಾಲಾಗಿ ನಿಂತರು. ಅಕ್ಕೋರು ಏಳಲಿಲ್ಲ. ಮಧ್ಯಾಹ್ನ ಊಟವನ್ನೂ ಅಲ್ಲಿಯೇ ಮಾಡಿದರು. ಸರಕಾರಿ ದಾಖಲೆಯೊಂದನ್ನು ಹೀಗೆ ವಶಪಡಿಸಿಕೊಂಡಾಗ ಏನು ಮಾಡಬೇಕೆಂದು ಯಾವ ನಿಯಮದಲ್ಲೂ ಬರೆದಿಲ್ಲ. ಮೂರು ಗಂಟೆಗೆ ನಾನು ಮೋಟರ್ ಸೈಕಲಿನ ಕೀಲಿ ತೆಗೆದುಕೊಂಡೆ. ಅಕ್ಕೋರು ಪುಸ್ತಕವನ್ನು ಕಂಕುಳಲ್ಲಿ ಹಿಡಿದು ಹಿಂದೆ ಹತ್ತಿದರು.

ಹೊಲ ಊರಿಂದ ಮೂರು ಕಿಲೋಮೀಟರ್. ನನ್ನ ಗಾಡಿಯ ಹಿಂದಿನ ಚಕ್ರ ಆ ದಿನದ ನಂತರ ಮೊದಲಿನಂತಾಗಲಿಲ್ಲ. ಹುಲಿಗೆಮ್ಮನ ತಂದೆ ಗೌಂಡಿ ಕೆಲಸಕ್ಕೆ ಹೊರಗೆ ಹೋಗಿದ್ದ. ತಾಯಿ ಸಾಲಿನ ನಡುವೆ ಬಾಗಿ ಮೊಗ್ಗು ಸುಲಿಯುತ್ತಿದ್ದಳು. ಎರಡು ಸಾಲಿನಾಚೆ ಮಗಳು ನಮ್ಮನ್ನು ನೋಡಿ ಗಿಡದ ಮರೆಗೆ ಕುಳಿತಳು. ತಾಯಿ ಕೆಲಸ ನಿಲ್ಲಿಸಲಿಲ್ಲ. ನಾಳೆ ಪರಾಗ ಮುಟ್ಟಿಸಬೇಕಾದ ಮೊಗ್ಗುಗಳನ್ನು ಸಂಜೆಯೊಳಗೆ ಸುಲಿದಿಡಬೇಕು ಎಂದಳು. ಅಕ್ಕೋರು ಚಪ್ಪಲಿ ಬಿಟ್ಟು ಸಾಲಿಗೆ ಇಳಿದು, ತಾವೂ ಮೊಗ್ಗು ಸುಲಿಯಲು ಕೈ ಹಾಕಿದರು. ನಾಲ್ಕು ಮೊಗ್ಗು ಮುರಿದರು.

"ಬಿಡ್ರಿ ಅಕ್ಕೋರ, ಹೊಲದ ಗೌಡ್ರು ನೋಡಿದ್ರ ನನ್ನ ಬೈತಾರ," ಎಂದಳು ತಾಯಿ.

"ಹುಡುಗಿನ್ನ ಹೈಸ್ಕೂಲಿಗೆ ಕಳಸು."

"ಕಳಿಸಿ?"

"ಆಮ್ಯಾಲೆ ಕಾಲೇಜು."

"ಎರಡು ವರ್ಷ ಆತು, ಈಕಿ ಮನ್ಯಾಗೂ ಅದನ್ನ ಬಡಕೋತಾಳ. ಕಾಲೇಜು, ಕಾಲೇಜು." ತಾಯಿ ನಡು ನೆಟ್ಟಗೆ ಮಾಡಿಕೊಂಡು ನಿಂತಳು. "ನಾ ಒಂದ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಯಾವ ಕಾಲೇಜಿನ್ಯಾಗ ಕಲ್ತೀರಿ?"

ನಾನು ಅಕ್ಕೋರನ್ನು ನೋಡಿದೆ. ಹದಿನಾಲ್ಕು ವರ್ಷ ಜೊತೆಗೆ ಕೆಲಸ ಮಾಡಿ, ಅವರಿಗೆ ಹೆಸರಿಟ್ಟು, ನಕ್ಕು, ಈ ಒಂದು ಪ್ರಶ್ನೆ ನನಗೆ ಹೊಳೆದಿರಲಿಲ್ಲ.

"ಯಾವದೂ ಇಲ್ಲ," ಎಂದರು ಅಕ್ಕೋರು. "ಗಂಗಾವತ್ಯಾಗ ನಮ್ಮಪ್ಪಂದು ಬಳಿ ಅಂಗಡಿ ಇತ್ತು. ಎದುರಿಗೇ ಕಾಲೇಜು. ಹುಡುಗ್ಯಾರು ಬಳಿ ಇಟಗೊಳ್ಳಾಕ ಬರ್ತಿದ್ರು. ನಾನ ಇಡಸ್ತಿದ್ದೆ. ಕೈ ನನ್ನ ಕೈಯಾಗ ಕೊಟ್ಟು ಅವರವರ ಮಾತಾಡ್ತಿದ್ರು, ಇವತ್ತು ಆ ಸರ್ ಹಿಂಗಂದ್ರು, ನಾಳಿ ಪರೀಕ್ಷಾ ಐತಿ ಅಂತ. ನಾ ಹತ್ತನೇತ್ತ ಪಾಸಾದೆ. ಅಪ್ಪ ಮಾಸ್ತರಿಕಿ ಟ್ರೇನಿಂಗಿಗೆ ಹಾಕಿದ್ರು, ಲಗೂನ ನೌಕ್ರಿ ಸಿಗತೈತಿ ಅಂತ. ಸಿಕ್ತು. ನಿಕಾನೂ ಆತು. ಬಿ.ಎ. ಅಂಚೆ ಮ್ಯಾಲೆ ತರಿಸ್ಕೊಂಡು ಓದಿದೆ, ಅಡಿಗಿ ಮನ್ಯಾಗ ಕುಂತು. ಆ ರಸ್ತಾ ದಾಟಲಿಲ್ಲ."

ತಾಯಿ ಸೀರೆಗೆ ಕೈ ಒರೆಸಿಕೊಂಡು, "ಎಲ್ಲಿ ಬರೀಬೇಕು ತೋರಸ್ರಿ," ಎಂದಳು. ನನ್ನ ಬೆನ್ನನ್ನು ಮೇಜು ಮಾಡಿಕೊಂಡು ಅವಳು ಸಹಿ ಹಾಕಿದಳು. ಒಂದೊಂದೇ ಅಕ್ಷರ ನನ್ನ ಬೆನ್ನಿಗೆ ಒತ್ತಿ ತಿಳಿಯುತ್ತಿತ್ತು. ಅವಳ ಹೆಸರು ಉದ್ದವಿತ್ತು.

ಹುಲಿಗೆಮ್ಮ ಹೈಸ್ಕೂಲು ಸೇರಿದಳು. ರಜೆಯಲ್ಲಿ ಹೊಲಕ್ಕೆ ಹೋಗುವುದು ತಪ್ಪಲಿಲ್ಲ. ಹತ್ತನೆಯದರಲ್ಲಿ ಗಣಿತದಲ್ಲಿ ಹೇಗೋ ಪಾರಾದಳು. ಅವಳಿಗೆ ಭಾಗಾಕಾರ ಕಲಿಸಿದವನು ನಾನಾದ್ದರಿಂದ ಅವಳ ತಪ್ಪೆನ್ನುವಂತಿಲ್ಲ. ಪಿಯುಸಿ ಕುಷ್ಟಗಿಯಲ್ಲಿ ಮುಗಿಸಿದಳು. ಅಕ್ಕೋರು ನಿವೃತ್ತರಾದ ಜೂನ್ ಕಳೆದು, ಆಗಸ್ಟಿನಲ್ಲಿ ಕೊಪ್ಪಳದ ಅದೇ ಕಾಲೇಜಿನಲ್ಲಿ ಬಿ.ಎ.ಗೆ ಹೆಸರು ಹಚ್ಚಿದಳು. ದೀಪಾವಳಿಯ ಹೊತ್ತಿಗೆ ಕೊಪ್ಪಳದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಸಿಕ್ಕಳು. ಈಗ ಚೆನ್ನಾಗಿ ಮಾತಾಡುತ್ತಾಳೆ. ಅಕ್ಕೋರ ಸುದ್ದಿ ಎತ್ತಿದ್ದೇ ತಡ, ಮುಖ ಗಂಟಿಕ್ಕಿಕೊಂಡಳು.

"ಸರ್, ಮೊದಲನೇ ದಿನ ನನ್ನ ಮಾನ ಕಳದ್ರು. ಬಿಡಾಕ ಬರ್ತೀನಿ ಅಂದ್ರು. ಗೇಟಿನತನಕ ಇರಬೇಕು ಅನ್ಕೊಂಡೆ. ಕ್ಲಾಸಿನೊಳಗ ಬಂದು ನನ್ನ ಬಾಜೂಕ ಕುಂತ್ರು."

"ಬೆಂಚಿನ ಮೇಲೆ?"

"ಬೆಂಚಿನ ಮ್ಯಾಲ ರಿ. ಚೀಲದಾಗಿಂದ ಹೊಸಾ ನೋಟ್ ಬುಕ್ ತಗದ್ರು. ಅರ್ಥಶಾಸ್ತ್ರದ ಸರ್ ಬಂದು, ಪಾಲಕರು ಹೊರಗ ಹೋಗ್ರಿ ಅಂದ್ರು. ಒಂದ ತಾಸು ಸರ್, ಗದ್ದಲ ಮಾಡಂಗಿಲ್ಲ ಅಂದ್ರು ಅಕ್ಕೋರು. ಹುಡುಗೂರೆಲ್ಲ ನಗಾಕತ್ತಿದ್ರು. ಆ ಸರ್ ಹಳೇ ನೋಟ್ಸ್ ಹಿಡಕೊಂಡು ಓದಿ ಹೇಳಿದ್ರು, ನಮ್ಮ ಕಡೆ ಒಮ್ಮೆನೂ ನೋಡಲಿಲ್ಲ. ಅರ್ಧ ಮಂದಿ ಮೊಬೈಲ್ ನೋಡಾಕತ್ತಿದ್ರು. ಇಡೀ ಕ್ಲಾಸಿನ್ಯಾಗ ಬರಕೊಂಡವರು ಅಕ್ಕೋರೊಬ್ರ."

ನನಗೆ ನಗು ಬಂತು. ನಕ್ಕು ಮುಗಿಸಿ, ಆಮೇಲೆ ಏನಾಯಿತು ಎಂದು ಕೇಳಿದೆ.

"ಗಂಟಿ ಹೊಡೀತು. ಹೊರಗ ಬಂದ್ವಿ. ಮೆಟ್ಟಲ ಮ್ಯಾಲೆ ನಿಂತು ಆ ನೋಟ್ ಬುಕ್ ಒಂದ ಸಲ ತಿರಿವಿ ಹಾಕಿದ್ರು. ಆಮ್ಯಾಲೆ ನನ್ನ ಕೇಳಿದ್ರು, ಇಷ್ಟೇ ಏನ ಇದು ಅಂತ."

"ನೀನೇನಂದಿ?"

"ಏನನ್ಲಿ ಸರ್. ಹೌದ್ರಿ ಅಕ್ಕೋರ, ಇಷ್ಟೇ ಅಂದೆ."

"ಅದಕ್ಕೆ?"

"ಹಂಗಾರ ಮುಗಸಾಕ ನಿನಗೇನು ಧಾಡಿ, ಮುಗಸು ಅಂದ್ರು. ನೋಟ್ ಬುಕ್ ನನ್ನ ಕೈಯಾಗಿಟ್ಟು ಬಸ್ಸಿಗೆ ಹೋದ್ರು."